ಹೆಸರು ಬರೆಸಿದವರು, ಹಿಂಬಾಲಿಸಿದವರು

ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಕೆಲವರು ಈಗ ತಮ್ಮ ತಮ್ಮ ಊರಿನ ಸಭೆಗಳಲ್ಲಿ ಹಿರಿಯರಾಗಿ ಸೇವೆ ಸಲ್ಲಿಸುತ್ತಿದ್ದಾರೆ. ಅವರು ನನಗೆ ಹೆಚ್ಚಾಗಿ ಕೇಳುವ ಪ್ರಶ್ನೆ ಒಂದೇ. ದಾಖಲೆ ಪುಸ್ತಕದಲ್ಲಿ ನೂರಾರು ಹೆಸರುಗಳಿವೆ. ಭಾನುವಾರದ ಆರಾಧನೆಗೆ ಬರುವವರು ಕೆಲವರು. ಬಂದವರಲ್ಲಿ ಸಭೆಯ ಹೊಣೆಯನ್ನು ತಮ್ಮದೆಂದು ತಿಳಿದವರು ಇನ್ನೂ ಕೆಲವರು. ಇದಕ್ಕೆ ಏನು ಮಾಡಬೇಕು ಎನ್ನುವುದು ಅವರ ಕಳವಳ. ಉಪಾಯ ಹೇಳುವುದು ಸಭಾಪಾಲಕರ ಕೆಲಸ. ಇತಿಹಾಸದ ಮೇಷ್ಟರು ಹೇಳಬಹುದಾದದ್ದು, ಇದೇ ಪ್ರಶ್ನೆಯನ್ನು ಹಿಂದಿನವರು ಹೇಗೆ ಎದುರಿಸಿದರು, ಅದರಿಂದ ಏನಾಯಿತು ಎಂಬುದನ್ನು ಮಾತ್ರ. ನಮ್ಮ ಕರಾವಳಿಯ ಸಭೆಗಳ ಬೇರುಗಳಲ್ಲಿ ಒಂದು ಲೂಥರನ್ ಪರಂಪರೆಯಲ್ಲಿ ಇರುವುದರಿಂದ, ಆ ಪರಂಪರೆಯ ಐದು ಶತಮಾನಗಳ ಅನುಭವವನ್ನು ಇಲ್ಲಿ ಸಂಗ್ರಹವಾಗಿ ಬರೆಯುತ್ತೇನೆ.

ಮಾರ್ಟಿನ್ ಲೂಥರ್ 1517ರಲ್ಲಿ ವಿಟೆನ್‌ಬರ್ಗ್‌ನಲ್ಲಿ ತನ್ನ ತೊಂಬತ್ತೈದು ವಾದಗಳನ್ನು ಪ್ರಕಟಿಸಿದ್ದನ್ನು ನೀವೆಲ್ಲ ಪಾಠದಲ್ಲಿ ಓದಿದ್ದೀರಿ. ನಂಬಿಕೆಯಿಂದಲೇ ನೀತಿವಂತರೆನಿಸಿಕೊಳ್ಳುತ್ತೇವೆ ಎಂಬುದು ಅವನ ಬೋಧನೆಯ ತಿರುಳು. ಆದರೆ ಪಾಠಪುಸ್ತಕಗಳು ಅಲ್ಲಿಗೇ ನಿಂತುಬಿಡುತ್ತವೆ. ಆಮೇಲಿನ ಹತ್ತು ವರ್ಷಗಳಲ್ಲಿ ಲೂಥರನಿಗೆ ಎದುರಾದ ಕಷ್ಟ ಬೇರೆಯೇ ಆಗಿತ್ತು. ಅರಸರು ಸುಧಾರಣೆಯನ್ನು ಒಪ್ಪಿಕೊಂಡ ಪ್ರಾಂತಗಳಲ್ಲಿ ಊರಿಗೆ ಊರೇ ಲೂಥರನ್ ಆಯಿತು. ನಿನ್ನೆ ಇದ್ದ ಜನರೇ ಇಂದೂ ಇದ್ದರು, ಹೆಸರು ಮಾತ್ರ ಬದಲಾಗಿತ್ತು. 1526ರಲ್ಲಿ ಜರ್ಮನ್ ಭಾಷೆಯ ಆರಾಧನಾ ಕ್ರಮಕ್ಕೆ ಬರೆದ ಮುನ್ನುಡಿಯಲ್ಲಿ ಲೂಥರ್ ಒಂದು ಆಸೆಯನ್ನು ಹೇಳಿಕೊಂಡಿದ್ದಾನೆ. ಮನಃಪೂರ್ವಕವಾಗಿ ಕ್ರೈಸ್ತರಾಗಿರಬಯಸುವವರು ತಮ್ಮ ಹೆಸರು ಬರೆಸಿ, ಒಂದು ಮನೆಯಲ್ಲಿ ಕೂಡಿ, ಪ್ರಾರ್ಥಿಸಿ, ವಾಕ್ಯವನ್ನು ಓದಿ, ಬಡವರಿಗೆ ಕಾಣಿಕೆ ಎತ್ತಿ, ತಪ್ಪು ಮಾಡಿದವರನ್ನು ತಿದ್ದುವಂತಹ ಒಂದು ಕೂಟ ಇರಬೇಕು ಎಂಬುದು ಆ ಆಸೆ. ಕೂಡಲೇ ಅವನೇ ಅದನ್ನು ಬದಿಗಿಡುತ್ತಾನೆ: ಅದಕ್ಕೆ ತಕ್ಕ ಜನರು ತನ್ನ ಬಳಿ ಇನ್ನೂ ಇಲ್ಲ, ತನ್ನ ಬುದ್ಧಿಯಿಂದಲೇ ಆರಂಭಿಸಿದರೆ ಅದೊಂದು ಪಂಗಡವಾದೀತು. ಆ ಕೂಟ ಅವನ ಕಾಲದಲ್ಲಿ ಆಗಲೇ ಇಲ್ಲ. ಮುಂದಿನ ಕಥೆಯನ್ನೆಲ್ಲ ಈ ಬಾಕಿ ಉಳಿದ ಕೆಲಸದ ಕಥೆ ಎಂದರೂ ತಪ್ಪಾಗದು.

ಎರಡು ವರ್ಷಗಳ ನಂತರ, 1528ರಲ್ಲಿ, ಲೂಥರ್ ಮತ್ತು ಅವನ ಸಂಗಡಿಗರು ಸ್ಯಾಕ್ಸನಿಯ ಹಳ್ಳಿಗಳ ಸಭೆಗಳನ್ನು ಸಂದರ್ಶಿಸಿದರು. ಕಂಡದ್ದು ನಿರಾಶೆ ಹುಟ್ಟಿಸುವಂತಿತ್ತು. ದೀಕ್ಷಾಸ್ನಾನ ಹೊಂದಿ ಕರ್ತನ ಭೋಜನಕ್ಕೆ ಬರುತ್ತಿದ್ದ ಜನರಿಗೆ ಕರ್ತನ ಪ್ರಾರ್ಥನೆಯೂ ಬರುತ್ತಿರಲಿಲ್ಲ, ಹತ್ತು ಆಜ್ಞೆಗಳೂ ತಿಳಿದಿರಲಿಲ್ಲ. ಕೆಲವು ಬೋಧಕರಿಗೇ ಕಲಿಸುವ ಯೋಗ್ಯತೆ ಇರಲಿಲ್ಲ. ಇದರ ಫಲವಾಗಿ 1529ರಲ್ಲಿ ‘ಚಿಕ್ಕ ಪ್ರಶ್ನೋತ್ತರ’ ಹೊರಬಂತು. ಮೊದಲು ಅದು ಗೋಡೆಗೆ ಹಚ್ಚುವ ದೊಡ್ಡ ಹಾಳೆಗಳ ರೂಪದಲ್ಲಿ ಅಚ್ಚಾಯಿತು, ಅನಂತರ ಪುಸ್ತಕವಾಯಿತು. ಹತ್ತು ಆಜ್ಞೆಗಳು, ವಿಶ್ವಾಸಪ್ರಮಾಣ, ಕರ್ತನ ಪ್ರಾರ್ಥನೆ, ದೀಕ್ಷಾಸ್ನಾನ, ಕರ್ತನ ಭೋಜನ ಇವೇ ಅದರ ಮುಖ್ಯ ಭಾಗಗಳು. ಪ್ರತಿಯೊಂದು ಮಾತಿನ ನಂತರವೂ ಅದರ ಅರ್ಥವನ್ನು ಕೇಳುವ ಪ್ರಶ್ನೆ; ಅದರ ಕೆಳಗೆ ಮಗುವಿನ ಬಾಯಲ್ಲಿ ಕೂರುವಂತಹ ಸರಳ ಉತ್ತರ.

ಇಲ್ಲಿ ಗಮನಿಸಬೇಕಾದ ಸಂಗತಿ ಎಂದರೆ ಆ ಪಾಠದ ಶಿಕ್ಷಕ ಯಾರು ಎಂಬುದು. ಮನೆಯ ಯಜಮಾನನು ತನ್ನ ಮನೆಯವರಿಗೆ ಇದನ್ನು ಸರಳವಾಗಿ ಕಲಿಸಬೇಕೆಂದು ಪ್ರತಿ ಭಾಗದ ತಲೆಬರಹದಲ್ಲೇ ಹೇಳಿದೆ. ಅಂದರೆ ಸಭೆಯ ಮೊದಲ ಶಾಲೆ ಅಡುಗೆಮನೆಯ ಪಕ್ಕದಲ್ಲೇ ಇತ್ತು. ಹಾಡುಗಳೂ ಇದೇ ಕೆಲಸ ಮಾಡಿದವು. 1524ರಲ್ಲಿ ಎಂಟು ಹಾಡುಗಳ ಪುಟ್ಟ ಪುಸ್ತಕವೊಂದು ಅಚ್ಚಾಯಿತು. ಅವುಗಳಲ್ಲಿ ನಾಲ್ಕು ಲೂಥರನವು. ಅಲ್ಲಿಯವರೆಗೆ ಹಾಡುವುದನ್ನು ಗಾಯಕರಿಗೆ ಬಿಟ್ಟು ಕೇಳುತ್ತ ನಿಲ್ಲುತ್ತಿದ್ದ ಜನ ಈಗ ತಾವೇ ಬಾಯಿಬಿಟ್ಟು ಹಾಡತೊಡಗಿದರು.

ಆ ಪುಸ್ತಕದ ಮುನ್ನುಡಿಯಲ್ಲಿ ಒಂದು ಬಿಗಿತವೂ ಇದೆ, ಒಂದು ಸಂಕೋಚವೂ ಇದೆ. ಕಲಿಯಲು ಒಪ್ಪದವರನ್ನು ಕರ್ತನ ಭೋಜನಕ್ಕೆ ಸೇರಿಸಬೇಡಿ ಎನ್ನುತ್ತಾನೆ ಲೂಥರ್. ಜೊತೆಗೇ, ಯಾರನ್ನೂ ನಂಬಿಕೆಗೆ ಬಲವಂತ ಮಾಡಲಾಗದು, ಮಾಡಲೂಬಾರದು ಎನ್ನುತ್ತಾನೆ. ಕಲಿಕೆಯನ್ನು ಕಡ್ಡಾಯ ಮಾಡಬಹುದು, ನಂಬಿಕೆಯನ್ನು ಮಾಡಲಾಗದು. ಈ ಎರಡರ ನಡುವಿನ ಎಳೆದಾಟ ಮುಂದಿನ ತಲೆಮಾರುಗಳಿಗೆ ಉಳಿಯಿತು.

ಮೊದಲು ಕಡ್ಡಾಯದ ದಾರಿಯನ್ನು ನೋಡೋಣ. 1539ರಲ್ಲಿ ಜರ್ಮನಿಯ ಹೆಸ್ಸೆ ಪ್ರಾಂತದಲ್ಲಿ ಮಾರ್ಟಿನ್ ಬುಟ್ಸರ್ ಎಂಬ ಸುಧಾರಕನು ತ್ಸೀಗೆನ್‌ಹೈನ್ ಊರಿನಲ್ಲಿ ಒಂದು ಶಿಸ್ತಿನ ಕ್ರಮವನ್ನು ರೂಪಿಸಿದನು. ಶಿಶುಗಳಿಗೆ ದೀಕ್ಷಾಸ್ನಾನ ಕೊಡಬಾರದೆಂದು ವಾದಿಸುತ್ತಿದ್ದ ಅನಬ್ಯಾಪ್ಟಿಸ್ಟರು, ನಿಮ್ಮ ಸಭೆಯಲ್ಲಿ ಶಿಸ್ತೂ ಇಲ್ಲ, ಸ್ವಂತ ಒಪ್ಪಿಗೆಯೂ ಇಲ್ಲ ಎಂದು ಹಳಿಯುತ್ತಿದ್ದರು. ಅವರಿಗೆ ಉತ್ತರವಾಗಿ, ಹಿರಿಯರ ನೇಮಕವನ್ನೂ, ಮಕ್ಕಳು ಪ್ರಶ್ನೋತ್ತರ ಕಲಿತು ಸಭೆಯ ಮುಂದೆ ತಮ್ಮ ಬಾಯಿಂದಲೇ ನಂಬಿಕೆಯನ್ನು ಒಪ್ಪಿಕೊಳ್ಳುವ ದೃಢೀಕರಣವನ್ನೂ ಆ ಕ್ರಮದಲ್ಲಿ ಸೇರಿಸಲಾಯಿತು. ನಾವು ಇಂದು ನಡೆಸುವ ದೃಢೀಕರಣದ ತರಗತಿಗೆ ಇದು ಪೂರ್ವಜ. ವಿರೋಧಿಗಳ ಟೀಕೆಯಲ್ಲಿದ್ದ ಸತ್ಯಾಂಶವನ್ನು ಒಪ್ಪಿಕೊಂಡು ತಿದ್ದಿಕೊಂಡದ್ದು ಇಲ್ಲಿನ ವಿಶೇಷ.

ಸ್ವೀಡನ್ ಇನ್ನೂ ಮುಂದೆ ಹೋಯಿತು. 1686ರ ಚರ್ಚ್ ಕಾನೂನಿನ ಪ್ರಕಾರ ಬೋಧಕರು ಮನೆ ಮನೆಗೆ ಹೋಗಿ, ಗಂಡಸರು, ಹೆಂಗಸರು, ಆಳುಗಳು ಎಂಬ ಭೇದವಿಲ್ಲದೆ ಎಲ್ಲರನ್ನೂ ಕೂರಿಸಿ ಪರೀಕ್ಷೆ ಮಾಡತೊಡಗಿದರು. ಪುಸ್ತಕ ಓದಲು ಬರುತ್ತದೆಯೇ, ಪ್ರಶ್ನೋತ್ತರ ಬಾಯಿಪಾಠವಿದೆಯೇ, ಅರ್ಥ ತಿಳಿದಿದೆಯೇ ಎಂದು ಒಂದೊಂದು ಹೆಸರಿನ ಮುಂದೆಯೂ ಗುರುತು ಹಾಕುವ ದಾಖಲೆ ಪುಸ್ತಕಗಳಿದ್ದವು. ಅವುಗಳಲ್ಲಿ ಬಹಳಷ್ಟು ಇಂದಿಗೂ ಉಳಿದಿವೆ. ಹದಿನೆಂಟನೆಯ ಶತಮಾನದ ಹೊತ್ತಿಗೆ ಆ ದೇಶದ ಹೆಚ್ಚಿನ ಜನರಿಗೆ ಓದಲು ಬರುತ್ತಿತ್ತು, ಬರೆಯಲು ಮಾತ್ರ ಬರುತ್ತಿರಲಿಲ್ಲ. ಪರೀಕ್ಷೆಯಲ್ಲಿ ಬರವಣಿಗೆಯನ್ನು ಕೇಳುತ್ತಿರಲಿಲ್ಲ, ಆದ್ದರಿಂದ ಕಲಿಯಲಿಲ್ಲ, ಅಷ್ಟೇ! ಶಿಕ್ಷಕ ವೃತ್ತಿಯಲ್ಲಿದ್ದವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ಪರೀಕ್ಷೆ ಏನನ್ನು ಕೇಳುತ್ತದೋ ಅದನ್ನು ಮಾತ್ರ ಮಕ್ಕಳು ಕಲಿಯುತ್ತಾರೆ.

ಡೆನ್ಮಾರ್ಕ್-ನಾರ್ವೆ ರಾಜ್ಯದಲ್ಲಿ 1736ರಲ್ಲಿ ದೃಢೀಕರಣವನ್ನು ಎಲ್ಲರಿಗೂ ಕಾನೂನಿನಿಂದಲೇ ಕಡ್ಡಾಯ ಮಾಡಲಾಯಿತು. ಅದಾಗದವರಿಗೆ ಮದುವೆಯ ಅವಕಾಶವೇ ಇರಲಿಲ್ಲ. ಮಕ್ಕಳನ್ನು ಅದಕ್ಕೆ ಸಿದ್ಧಗೊಳಿಸಲು ಶಾಲೆಗಳು ಬೇಕಾದವು. 1739ರಲ್ಲಿ ಶಾಲೆಗಳ ಕಾಯಿದೆಯೂ ಬಂತು. ಬಡವರ ಮಕ್ಕಳು ಅಕ್ಷರ ಕಲಿತದ್ದು ಸಣ್ಣ ಲಾಭವಲ್ಲ. ಆದರೆ ಮದುವೆಗೆ ಬೇಕಾದ ಅರ್ಹತಾಪತ್ರವಾಗಿ ಬದಲಾದ ಸಂಸ್ಕಾರವು ಶಿಷ್ಯತ್ವವನ್ನು ಎಷ್ಟು ಬೆಳೆಸೀತು? ಎಲ್ಲರೂ ತೇರ್ಗಡೆಯಾದರು; ಆದರೆ ತೇರ್ಗಡೆಯಾದವರೆಲ್ಲ ಹಿಂಬಾಲಿಸಿದರೆಂದು ಹೇಳುವಂತಿಲ್ಲ.

ಇನ್ನೊಂದು ದಾರಿ ಕೂಟದ ದಾರಿ. 1618ರಿಂದ 1648ರವರೆಗೆ ನಡೆದ ಮೂವತ್ತು ವರ್ಷಗಳ ಯುದ್ಧ ಜರ್ಮನಿಯನ್ನು ಹಾಳುಗೆಡವಿತ್ತು. ಬೋಧನಾ ಪೀಠಗಳಲ್ಲಿ ಸಿದ್ಧಾಂತದ ಜಗಳಗಳು ಜೋರಾಗಿದ್ದವು, ಬೆಂಚುಗಳಲ್ಲಿ ಕುಳಿತವರ ಬದುಕು ಬದಲಾಗಿರಲಿಲ್ಲ. 1666ರಲ್ಲಿ ಫ್ರಾಂಕ್‌ಫರ್ಟಿನ ಮುಖ್ಯ ಬೋಧಕನಾಗಿ ಬಂದ ಫಿಲಿಪ್ ಯಾಕೋಬ್ ಸ್ಪೇನರ್, 1670ರಲ್ಲಿ ತನ್ನ ಮನೆಯಲ್ಲೇ ಒಂದು ಭಕ್ತಿಕೂಟವನ್ನು ಆರಂಭಿಸಿದನು. ಸೇರಿದವರು ಓದಿದ್ದನ್ನು, ಕೇಳಿದ ಪ್ರಸಂಗವನ್ನು ಕುರಿತು ಪರಸ್ಪರ ಮಾತನಾಡುತ್ತಿದ್ದರು. ಲೂಥರ್ 1526ರಲ್ಲಿ ಆಸೆಪಟ್ಟು ಬಿಟ್ಟದ್ದು ನೂರನಲವತ್ತನಾಲ್ಕು ವರ್ಷಗಳ ನಂತರ ಹೀಗೆ ಒಂದು ರೂಪ ತಾಳಿತು. 1675ರಲ್ಲಿ ಸ್ಪೇನರ್ ‘ಪಿಯಾ ಡೆಸಿಡೇರಿಯಾ’ ಎಂಬ ಪುಸ್ತಕದಲ್ಲಿ ಆರು ಸಲಹೆಗಳನ್ನು ಕೊಟ್ಟನು. ಸತ್ಯವೇದವನ್ನು ಜನ ಹೆಚ್ಚು ಓದಲಿ. ಎಲ್ಲ ವಿಶ್ವಾಸಿಗಳೂ ಯಾಜಕರು ಎಂಬ ಮಾತು ಆಚರಣೆಗೆ ಬರಲಿ. ಕ್ರೈಸ್ತತ್ವ ಅರಿವಿನಲ್ಲಲ್ಲ, ನಡೆಯಲ್ಲಿ ಇದೆ ಎಂಬುದನ್ನು ರೂಢಿ ಮಾಡಿಸಿ. ಧಾರ್ಮಿಕ ವಾದಗಳಲ್ಲಿ ಪ್ರೀತಿ ಇರಲಿ. ಬೋಧಕರ ಶಿಕ್ಷಣದಲ್ಲಿ ಭಕ್ತಿಗೂ ಸ್ಥಾನವಿರಲಿ. ಪ್ರಸಂಗಗಳು ಪಾಂಡಿತ್ಯ ಪ್ರದರ್ಶನವಾಗದೆ ಆತ್ಮವನ್ನು ಬೆಳೆಸಲಿ. ಇಂದಿನ ಯಾವ ಸಭಾ ಹಿರಿಯರ ಕೈಗೆ ಕೊಟ್ಟರೂ ಹಳತೆನಿಸದ ಪಟ್ಟಿ ಇದು.

ಕೂಟಕ್ಕೂ ತನ್ನದೇ ಅಪಾಯವಿತ್ತು. ಸ್ಪೇನರನ ಕೂಟದ ಪ್ರಮುಖರಲ್ಲಿ ಒಬ್ಬನಾದ ವಕೀಲ ಯೋಹಾನ್ ಯಾಕೋಬ್ ಶ್ಯುಟ್ಸ್, ಅಯೋಗ್ಯರ ಜೊತೆ ಕರ್ತನ ಭೋಜನಕ್ಕೆ ಕೂರಲಾರೆನೆಂದು ಸಭೆಯಿಂದಲೇ ದೂರವಾದನು. ಉತ್ಸಾಹಿಗಳು ತಮ್ಮನ್ನೇ ನಿಜವಾದ ಸಭೆ ಎಂದು ತಿಳಿದುಕೊಂಡರೆ ಉಳಿದವರ ಗತಿ ಏನು? ಲೂಥರ್ ಹೆದರಿದ್ದೂ ಇದಕ್ಕೇ. ವುರ್ಟೆಂಬರ್ಗ್ ಸಂಸ್ಥಾನ 1743ರಲ್ಲಿ ಇದಕ್ಕೊಂದು ವಿವೇಕದ ಪರಿಹಾರ ಕಂಡುಕೊಂಡಿತು. ಮನೆಕೂಟಗಳನ್ನು ನಿಷೇಧಿಸದೆ, ಊರಿನ ಬೋಧಕರ ಗಮನಕ್ಕೆ ತಂದು, ಆರಾಧನೆಯ ವೇಳೆಗೆ ಅಡ್ಡಬಾರದಂತೆ ನಡೆಸಲು ಒಪ್ಪಿಗೆ ನೀಡಿತು. ಅಲ್ಲಿನ ರೈತರು, ನೇಕಾರರು ಇಂತಹ ಕೂಟವನ್ನು ಸರಳವಾಗಿ ‘ಗಂಟೆ’ ಎಂದೇ ಕರೆಯುತ್ತಿದ್ದರು. ದುಡಿದು ಬಂದವರು ಒಂದು ಗಂಟೆ ಕುಳಿತು ವಾಕ್ಯ ಓದಿ ಮಾತಾಡುವ ಈ ಪದ್ಧತಿ ಸಭೆಯನ್ನು ಒಡೆಯದೆ ಉಳಿಯಿತು.

ಕೂಟದ ಉತ್ಸಾಹ ಕೈಗೆ ಇಳಿದರೆ ಏನಾಗುತ್ತದೆ ಎಂಬುದನ್ನು ಆಗಸ್ಟ್ ಹೆರ್ಮನ್ ಫ್ರಾಂಕೆ ತೋರಿಸಿಕೊಟ್ಟನು. 1695ರಲ್ಲಿ ಹಾಲೆ ಪಟ್ಟಣದ ಬಳಿಯ ತನ್ನ ಮನೆಯ ಕಾಣಿಕೆ ಡಬ್ಬದಲ್ಲಿ ಯಾರೋ ಹಾಕಿದ್ದ ನಾಲ್ಕು ಥಾಲರ್ ಹದಿನಾರು ಗ್ರೋಶನ್ ಹಣದಿಂದ ಅವನು ಬಡ ಮಕ್ಕಳ ಶಾಲೆಯನ್ನು ತೆರೆದನು. 1727ರಲ್ಲಿ ಅವನು ತೀರಿಕೊಂಡಾಗ ಆ ಸಂಸ್ಥೆಗಳಲ್ಲಿ ಎರಡು ಸಾವಿರಕ್ಕೂ ಹೆಚ್ಚು ಮಕ್ಕಳು ಓದುತ್ತಿದ್ದರು. 1706ರ ಜುಲೈ 9ರಂದು ತರಂಗಂಬಾಡಿಯಲ್ಲಿ ಬಂದಿಳಿದ ಬಾರ್ತೊಲೊಮೇಯುಸ್ ತ್ಸೀಗೆನ್‌ಬಾಲ್ಗ್ ಹಾಲೆಯಲ್ಲಿ ಓದಿದವನು. ಅಲ್ಲಿನ ತಮಿಳು ಸಭೆಯಿಂದ ಆರೋನ್ ಎಂಬವರು 1733ರಲ್ಲಿ ಬೋಧಕರಾಗಿ ಅಭಿಷೇಕ ಹೊಂದಿದರು. ಸಭೆಯ ಹೊಣೆ ಸ್ಥಳೀಯರ ಕೈಗೆ ಬರಲು ಇಪ್ಪತ್ತೇಳು ವರ್ಷ ಹಿಡಿಯಿತು.

ನಾರ್ವೆಯಲ್ಲಿ ಹೊಣೆಯನ್ನು ಯಾರೂ ಕೊಡಲಿಲ್ಲ. ಒಬ್ಬ ರೈತ ತಾನೇ ಎತ್ತಿಕೊಂಡನು. ಹಾನ್ಸ್ ನೀಲ್ಸನ್ ಹೌಗೆ 1796ರಲ್ಲಿ ಹೊಲದಲ್ಲಿ ಕೆಲಸ ಮಾಡುತ್ತಿದ್ದಾಗ ಕರೆ ಪಡೆದೆನೆಂದು ಹೇಳಿಕೊಂಡು, ನಾಡಿನ ಉದ್ದಗಲಕ್ಕೂ ನಡೆದೇ ಸುತ್ತಿ, ಮನೆಗಳಲ್ಲಿ ಜನರನ್ನು ಕೂಡಿಸಿ ಬೋಧಿಸಿದನು. ಬೋಧಕನ ಅನುಮತಿಯಿಲ್ಲದೆ ಕೂಟ ಸೇರಬಾರದೆಂಬ 1741ರ ಆಜ್ಞೆಯನ್ನು ಮುರಿದನೆಂದು 1804ರಲ್ಲಿ ಅವನನ್ನು ಸೆರೆಹಿಡಿದರು. ವಿಚಾರಣೆ ಮುಗಿಯಲು ಹತ್ತು ವರ್ಷ ಬೇಕಾಯಿತು. ಅಷ್ಟರಲ್ಲಿ ಅವನ ಆರೋಗ್ಯ ಕೆಟ್ಟಿತ್ತು. ಅಚ್ಚರಿಯ ಮಾತೆಂದರೆ, ಅವನ ಪುಸ್ತಕಗಳನ್ನು ಓದಿದ ರೈತರಿಗೆ ಓದು ಕಲಿಸಿದ್ದು ಅದೇ ರಾಜ್ಯದ ಕಡ್ಡಾಯ ದೃಢೀಕರಣ! ಪರೀಕ್ಷೆ ಬಿತ್ತಿದ ಬೀಜ ಕೂಟದಲ್ಲಿ ಮೊಳೆಯಿತು. ಆ ಆಜ್ಞೆ 1842ರಲ್ಲಿ ರದ್ದಾಯಿತು.

ಈಗ ನಮ್ಮ ಊರಿನ ಕಡೆಗೆ ಬರುತ್ತೇನೆ. 1815ರಲ್ಲಿ ಸ್ಥಾಪನೆಯಾದ ಬಾಸೆಲ್ ಮಿಷನ್ ಕಟ್ಟುನಿಟ್ಟಾಗಿ ಲೂಥರನ್ ಸಂಸ್ಥೆಯಲ್ಲ. ಬಾಸೆಲ್ ನಗರ ರಿಫಾರ್ಮ್ಡ್ ಪಂಥದ್ದು. ಆದರೆ ಅಲ್ಲಿ ತರಬೇತಿ ಪಡೆದು ಹೊರಟವರಲ್ಲಿ ಬಹಳ ಮಂದಿ ವುರ್ಟೆಂಬರ್ಗಿನ ಲೂಥರನ್ ಮನೆಗಳಲ್ಲಿ, ಆ ‘ಗಂಟೆ’ಗಳಲ್ಲಿ ಬೆಳೆದವರು. 1834ರ ಅಕ್ಟೋಬರ್ 30ರಂದು ಮಂಗಳೂರಿಗೆ ಬಂದ ಮೂವರಲ್ಲಿ ಒಬ್ಬನಾದ ಸ್ಯಾಮುವೆಲ್ ಹೆಬಿಕ್ ವುರ್ಟೆಂಬರ್ಗಿನವನೇ. ‘ಮಂಗಳೂರ ಸಮಾಚಾರ’ವನ್ನು 1843ರಲ್ಲಿ ಹೊರತಂದ ಹೆರ್ಮನ್ ಮೋಗ್ಲಿಂಗ್ ಕೂಡ ಆ ನಾಡಿನವನೇ. ಈ ಮಿಷನ್ನಿಗೆ ಹಣ ಎಲ್ಲಿಂದ ಬರುತ್ತಿತ್ತು ಎಂಬುದೂ ತಿಳಿಯಬೇಕಾದ ವಿಷಯ. 1855ರಲ್ಲಿ ಬಾಸೆಲಿನಲ್ಲಿ ‘ಅರ್ಧ ಬಾಟ್ಸನ್ ಕಾಣಿಕೆ’ ಎಂಬ ಪದ್ಧತಿ ಆರಂಭವಾಯಿತು. ವಾರಕ್ಕೆ ಒಂದು ಚಿಲ್ಲರೆ ನಾಣ್ಯ ಕೊಡುತ್ತೇನೆಂದು ಸಾಮಾನ್ಯ ಜನ ಒಪ್ಪಿಕೊಳ್ಳುವುದು, ಮನೆ ಮನೆಗೆ ಹೋಗಿ ಅದನ್ನು ಸಂಗ್ರಹಿಸುವುದು. ಶ್ರೀಮಂತನ ದೊಡ್ಡ ದಾನಕ್ಕಿಂತ ಬಡವನ ವಾರದ ನಾಣ್ಯ ಅವನ ಮನಸ್ಸನ್ನು ಕೆಲಸಕ್ಕೆ ಹೆಚ್ಚು ಕಟ್ಟಿಹಾಕುತ್ತದೆ. ಕೊಟ್ಟವನಿಗೆ ಕೆಲಸದ ಸುದ್ದಿ ತಿಳಿಯುವ ಆಸಕ್ತಿಯೂ ಇರುತ್ತದೆ.

ಮಂಗಳೂರಿನಲ್ಲಿ ಎದುರಾದ ಕಷ್ಟ ಬೇರೆ. ಸಭೆ ಸೇರಿದವರು ಜಾತಿಯನ್ನೂ ಮನೆಯನ್ನೂ ಜೀವನೋಪಾಯವನ್ನೂ ಕಳೆದುಕೊಳ್ಳುತ್ತಿದ್ದರು. ಅವರಿಗೆ ಕೆಲಸ ಕೊಡಲು ನೇಯ್ಗೆ ಬಂತು, 1865ರಲ್ಲಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಬಂತು. ಆಗ ಸಹಜವಾಗಿಯೇ ಒಂದು ಸಂದೇಹವೂ ಹುಟ್ಟಿತು: ಈ ಜನ ಬಂದದ್ದು ನಂಬಿಕೆಗಾಗಿಯೋ, ಹೊಟ್ಟೆಪಾಡಿಗಾಗಿಯೋ? ಕೆಲಸ, ಶಾಲೆ, ಮನೆ, ಸಭೆ ಎಲ್ಲವೂ ಒಂದೇ ಕೈಯಿಂದ ಬರುವಾಗ ಇದಕ್ಕೆ ಉತ್ತರ ಹೇಳುವುದು ಸುಲಭವಲ್ಲ. ಹಸಿದವನಿಗೆ ಕೆಲಸ ಕೊಟ್ಟದ್ದು ತಪ್ಪೆಂದೂ ಹೇಳಲಾಗದು.

ಉತ್ತರ ಕೊಟ್ಟದ್ದು 1914ರ ಮಹಾಯುದ್ಧ. ಜರ್ಮನ್ ಮಿಷನರಿಗಳನ್ನು ಶತ್ರುದೇಶದವರೆಂದು ಬಂಧನದಲ್ಲಿಟ್ಟು, ಅನಂತರ ದೇಶದಿಂದ ಹೊರಕ್ಕೆ ಕಳುಹಿಸಲಾಯಿತು. ಕಾರ್ಖಾನೆಗಳು ಮಿಷನ್ನಿನ ಕೈತಪ್ಪಿ, ಯುದ್ಧಾನಂತರ ಕಾಮನ್‌ವೆಲ್ತ್ ಟ್ರಸ್ಟಿನ ಪಾಲಾದವು. ಅಂದರೆ ತಂದೆಯ ಸ್ಥಾನದಲ್ಲಿದ್ದವರೂ ಹೋದರು, ಅನ್ನ ಕೊಟ್ಟ ಕೈಯೂ ಹೋಯಿತು. ಹೊಟ್ಟೆಪಾಡಿನ ಸಭೆಯಾಗಿದ್ದರೆ ಅದು ಅಂದೇ ಚದುರಬೇಕಾಗಿತ್ತು. ಚದುರಲಿಲ್ಲ. ನಾಡಿನ ಬೋಧಕರು, ಉಪದೇಶಿಗಳು, ಶಾಲಾ ಮೇಷ್ಟರು, ಸಭಾ ಹಿರಿಯರು ಸಭೆಗಳನ್ನು ನಡೆಸಿಕೊಂಡು ಹೋದರು. ಬಾಸೆಲಿನವರು 1920ರ ದಶಕದಲ್ಲಿ ಮರಳಿ ಬಂದಾಗ ಸಭೆಗಳು ಇದ್ದಲ್ಲಿಯೇ ಇದ್ದವು. ಮೋಗ್ಲಿಂಗನಿಗೆ ಉಪದೇಶಿಗಳ ತರಬೇತಿಯ ಮೇಲೆ ಇದ್ದ ಹಂಬಲವೂ, 1844ರಲ್ಲಿ ದೀಕ್ಷಾಸ್ನಾನ ಹೊಂದಿ 1851ರಲ್ಲಿ ಬೋಧಕರಾಗಿ ಅಭಿಷಿಕ್ತರಾದ ಆನಂದರಾಯ ಕೌಂಡಿನ್ಯರಂತಹವರ ಮೇಲೆ ಇಟ್ಟ ಭರವಸೆಯೂ ವ್ಯರ್ಥವಾಗಲಿಲ್ಲ.

ಇಪ್ಪತ್ತನೆಯ ಶತಮಾನದ ಎರಡು ಪ್ರಸಂಗಗಳನ್ನು ಹೇಳಿ ಮುಗಿಸುತ್ತೇನೆ. 1931ರಲ್ಲಿ ಡೀಟ್ರಿಕ್ ಬೋನ್‌ಹೋಫರ್ ಎಂಬ ಯುವ ಲೂಥರನ್ ಬೋಧಕನಿಗೆ ಬರ್ಲಿನ್ನಿನ ಕೂಲಿಕಾರರ ಬಡಾವಣೆಯೊಂದರ ದೃಢೀಕರಣದ ತರಗತಿಯನ್ನು ವಹಿಸಿದರು. ಹುಡುಗರು ಎಷ್ಟು ತುಂಟರೆಂದರೆ ಹಿಂದಿನ ಬೋಧಕರು ಸೋತುಹೋಗಿದ್ದರು. ಬೋನ್‌ಹೋಫರ್ ಗದರಿಸಲಿಲ್ಲ, ಮೆಲುದನಿಯಲ್ಲಿ ಕಥೆ ಹೇಳಲು ಆರಂಭಿಸಿದನು. ಆಮೇಲೆ ಆ ಬಡಾವಣೆಯಲ್ಲೇ ಬಾಡಿಗೆ ಕೋಣೆ ಹಿಡಿದು, ಸಂಜೆ ಹುಡುಗರಿಗೆ ಬಾಗಿಲು ತೆರೆದಿಟ್ಟನು, ಅವರ ಮನೆಗಳಿಗೆ ಹೋಗಿ ಬಂದನು. 1932ರಲ್ಲಿ ಆ ಹುಡುಗರ ದೃಢೀಕರಣವಾಯಿತು. ಐದು ವರ್ಷಗಳ ನಂತರ, ಹಿಟ್ಲರನ ಆಳ್ವಿಕೆಯಲ್ಲಿ, ಶಿಷ್ಯತ್ವವನ್ನು ಕುರಿತ ತನ್ನ ಪ್ರಸಿದ್ಧ ಗ್ರಂಥವನ್ನು ಅವನು ಪ್ರಕಟಿಸಿದನು. ಹಿಂಬಾಲಿಸುವ ಬೆಲೆಯಿಲ್ಲದೆ ಹಂಚುವ ಕೃಪೆಯನ್ನು ಅವನು ‘ಅಗ್ಗದ ಕೃಪೆ’ ಎಂದು ಕರೆದನು. ಲೂಥರನ ಬೋಧನೆಯನ್ನು ಬಾಯಲ್ಲಿ ಹೇಳುತ್ತ ಸುಖವಾಗಿ ಕುಳಿತ ತನ್ನ ಸಭೆಗೇ ಹೇಳಿದ ಮಾತು ಅದು. 1945ರ ಏಪ್ರಿಲ್ 9ರಂದು ಫ್ಲೋಸ್ಸೆನ್‌ಬ್ಯುರ್ಗ್ ಸೆರೆಶಿಬಿರದಲ್ಲಿ ಅವನನ್ನು ಗಲ್ಲಿಗೇರಿಸಿದರು.

ಎರಡನೆಯದು ಇಥಿಯೋಪಿಯದ್ದು. ಅಲ್ಲಿನ ಮೆಕಾನೆ ಯೇಸುಸ್ ಸಭೆ 1959ರಲ್ಲಿ ಸ್ಥಾಪನೆಯಾದಾಗ ಸದಸ್ಯರು ಸುಮಾರು ಇಪ್ಪತ್ತು ಸಾವಿರ. 1974ರಲ್ಲಿ ಅಧಿಕಾರ ಹಿಡಿದ ಸೈನಿಕ ಸರ್ಕಾರ ಅನೇಕ ದೇವಾಲಯಗಳನ್ನು ಮುಚ್ಚಿಸಿತು. ಸಭೆಯ ಮುಂದಾಳು ಗುದಿನಾ ತುಮ್ಸಾ ಅವರನ್ನು 1979ರಲ್ಲಿ ಅಪಹರಿಸಿ ಕೊಲ್ಲಲಾಯಿತು. ಜನ ಮನೆಗಳಲ್ಲಿ ಸಣ್ಣ ಸಣ್ಣ ಗುಂಪುಗಳಾಗಿ ಸೇರಿದರು. ಬೋಧಕರಿಲ್ಲದೆಡೆ ಸಾಮಾನ್ಯ ಸದಸ್ಯರೇ ಹೊಣೆ ಹೊತ್ತರು. ಇಂದು ಆ ಸಭೆಯ ಸದಸ್ಯರು ಒಂದು ಕೋಟಿಗೂ ಮಿಕ್ಕಿದ್ದಾರೆ. ಲೂಥರನ ಸ್ವಂತ ನಾಡಿನಲ್ಲಾದರೋ ಪ್ರೊಟೆಸ್ಟೆಂಟ್ ಸಭೆಗಳ ಸದಸ್ಯರ ಸಂಖ್ಯೆ ವರ್ಷ ವರ್ಷಕ್ಕೂ ಇಳಿಯುತ್ತ ಈಗ ಎರಡು ಕೋಟಿಗಿಂತ ಕೆಳಗೆ ಬಂದಿದೆ.

ಇದನ್ನೆಲ್ಲ ಓದಿದ ಮೇಲೆ ನನಗೆ ತೋರುವುದು ಇಷ್ಟು. ಕಲಿಸದೆ ಯಾರೂ ಶಿಷ್ಯರಾಗುವುದಿಲ್ಲ. ಆದ್ದರಿಂದ ಪ್ರಶ್ನೋತ್ತರ ಬೇಕು, ದೃಢೀಕರಣದ ತರಗತಿ ಬೇಕು. ಆದರೆ ಕಲಿತದ್ದನ್ನು ಬಾಯಿಬಿಟ್ಟು ಮಾತಾಡುವ ಸಣ್ಣ ಕೂಟ ಇಲ್ಲದಿದ್ದರೆ ಅದು ಪರೀಕ್ಷೆಯ ಮರುದಿನವೇ ಮರೆತುಹೋಗುತ್ತದೆ. ಈ ಎರಡಕ್ಕಿಂತಲೂ ಮುಖ್ಯವಾದದ್ದು, ಪ್ರತಿಯೊಬ್ಬರ ಕೈಗೂ ಒಂದು ಹೊಣೆ. ಹಿರಿಯರಾದ ನಾವು ಬಹಳ ಸಲ ಯುವಕರ ಭಕ್ತಿಯನ್ನು ಸಂದೇಹಿಸುತ್ತೇವೆ, ಆದರೆ ಲೆಕ್ಕದ ಪುಸ್ತಕವನ್ನಾಗಲಿ, ಭಾನುವಾರ ಶಾಲೆಯ ಒಂದು ತರಗತಿಯನ್ನಾಗಲಿ ಅವರ ಕೈಗೆ ಕೊಡುವುದಿಲ್ಲ. 1914ರಲ್ಲಿ ನಮ್ಮ ಹಿರಿಯರ ಕೈಗೆ ಹೊಣೆ ಬಂದದ್ದು ಯುದ್ಧದ ಕಾರಣದಿಂದ. ಮುಂದಿನ ತಲೆಮಾರಿಗೆ ಅದನ್ನು ಕೊಡಲು ಇನ್ನೊಂದು ಯುದ್ಧಕ್ಕಾಗಿ ಕಾಯಬೇಕಾಗಿಲ್ಲ.